ಮುಚ್ಚಿದ ಡಬ್ಬಿಯಲ್ಲಿ ದ್ಯುತಿಸಂಶ್ಲೇಷಣೆ: ರೀಡಿಂಗ್ ಇಳಿಯುತ್ತಿಲ್ಲ

ಪ್ರಶ್ನೆ: 10ನೇ ತರಗತಿಗೆ ಆರ್ಡುಯಿನೋ ಉನೋ (ಪ್ರೋಗ್ರಾಂ ಮಾಡಬಹುದಾದ ಸಣ್ಣ ಸರ್ಕ್ಯೂಟ್ ಬೋರ್ಡ್) ಮತ್ತು ಎಂಕ್ಯೂ-135 ಅನಿಲ ಸೆನ್ಸರ್ ಇಟ್ಟು ಪ್ರಯೋಗ ಜೋಡಿಸಿದ್ದೇವೆ. 5 ಲೀಟರ್ ಪಾರದರ್ಶಕ ಡಬ್ಬಿ, ಒಳಗೆ ಪಾಲಕ್ ಎಲೆ. ಬಿಸಿಲಿನಲ್ಲಿಟ್ಟರೂ ಇಂಗಾಲದ ಡೈಆಕ್ಸೈಡ್ ಏರುತ್ತಲೇ ಇದೆ. ಏಕೆ?

ಉತ್ತರ 1: ಮೊದಲು ಸೆನ್ಸರ್ ಬದಲಿಸಿ ಸರ್. ಎಂಕ್ಯೂ-135 ಅಮೋನಿಯಾ, ಆಲ್ಕೋಹಾಲ್, ಹೊಗೆ ಎಲ್ಲಕ್ಕೂ ಸ್ಪಂದಿಸುತ್ತದೆ. ತೇವಾಂಶ, ಬಿಸಿ ಹೆಚ್ಚಾದರೂ ಅದರ ಅಂಕಿ ಬದಲಾಗುತ್ತದೆ. ಎಲೆ ಬಿಡುವ ನೀರಾವಿಯನ್ನೇ ನೀವು ಅಳೆಯುತ್ತಿರಬಹುದು. ಇಂಗಾಲದ ಡೈಆಕ್ಸೈಡನ್ನು ಅವಗೆಂಪು ಬೆಳಕಿನಿಂದ ಅಳೆಯುವ ಎಂಎಚ್-ಝಡ್19ಬಿ ಸೆನ್ಸರ್ ತನ್ನಿ. 5 ವೋಲ್ಟ್ ಸಾಕು, ಆನ್ ಮಾಡಿದ ಮೇಲೆ 3 ನಿಮಿಷ ಕಾಯಿರಿ.

ಉತ್ತರ 2: ಅದರಲ್ಲೂ ಒಂದು ತೊಡಕಿದೆ. ಸ್ವಯಂಚಾಲಿತ ಕ್ಯಾಲಿಬ್ರೇಷನ್ (ಸೆನ್ಸರ್ ತನ್ನ ಅಂಕಿಯನ್ನು ತಾನೇ ಸರಿಹೊಂದಿಸಿಕೊಳ್ಳುವುದು) ಆನ್ ಇದ್ದರೆ, 24 ಗಂಟೆಗಳಲ್ಲಿ ಕಂಡ ಕನಿಷ್ಠ ಮಟ್ಟವನ್ನೇ ಅದು ಹೊರಗಿನ ಗಾಳಿ, ಅಂದರೆ 400 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 400 ಭಾಗ) ಎಂದು ಭಾವಿಸುತ್ತದೆ. ಡಬ್ಬಿಯೊಳಗೇ ಬಿಟ್ಟರೆ ಮರುದಿನದ ಅಂಕಿಗಳೆಲ್ಲ ತಪ್ಪು. ಕೋಡ್‌ನಲ್ಲೇ ಆಫ್ ಮಾಡಿ.

ಕ್ರಮವೂ ಮುಖ್ಯ: ಮೊದಲು ಡಬ್ಬಿಗೆ ಕಪ್ಪು ಬಟ್ಟೆ ಸುತ್ತಿ 20 ನಿಮಿಷ ಬಿಡಿ, ಎಲೆಯ ಉಸಿರಾಟದಿಂದ ಅಂಕಿ ಏರುತ್ತದೆ. ಆಮೇಲೆ ಬಟ್ಟೆ ತೆಗೆದು ಎಲ್‌ಇಡಿ ಬಲ್ಬ್ ಹಚ್ಚಿ, ಇಳಿಯುವುದನ್ನು ಮಕ್ಕಳೇ ಗ್ರಾಫ್ ಹಾಕಲಿ. ನೇರ ಬಿಸಿಲು ಬೇಡ. ಡಬ್ಬಿ ಕಾದರೆ ಎಲೆ ಬಾಡುತ್ತದೆ, ಉಸಿರಾಟವೂ ಹೆಚ್ಚುತ್ತದೆ. ಬಾಯಿಂದ ಊದಿಸಲೂಬೇಡಿ: ನಿಶ್ವಾಸದಲ್ಲಿ ಸುಮಾರು 40,000 ಪಿಪಿಎಂ ಇರುತ್ತದೆ, ಸೆನ್ಸರ್ ಮಿತಿ 5,000.

ಉತ್ತರ 3: ವೈರ್ ತೂರಿಸಿದ ರಂಧ್ರಕ್ಕೆ ಎಂ-ಸೀಲ್ ಹಚ್ಚಿದ್ದೀರಾ? ಖಾಲಿ ಡಬ್ಬಿಯಲ್ಲೊಮ್ಮೆ ಓಡಿಸಿ ನೋಡಿ. ಹೋಲಿಕೆಗೆ ಮೊಳಕೆ ಹೆಸರುಕಾಳು ಹಾಕಿ, ಅದರ ಉಸಿರಾಟವೇ ಹೆಚ್ಚಾದ್ದರಿಂದ ಬೆಳಕಿದ್ದರೂ ಅಂಕಿ ಏರುತ್ತಲೇ ಹೋಗುತ್ತದೆ.