ಪದಚರ್ಚೆ: ಕಾರಿನ ‘ಸಸ್ಪೆನ್ಷನ್’ಗೆ ‘ಕಮಾನು’ ಸಾಕೇ?

ಮಾನ್ಯರೇ,

1984ರಿಂದ 1996ರವರೆಗಿನ ಮಾದರಿವರ್ಷಗಳ, ನಾಲ್ಕನೆಯ ತಲೆಮಾರಿನ ಷೆವರ್ಲೆ ಕಾರ್ವೆಟ್ ಸ್ಪೋರ್ಟ್ಸ್ ಕಾರಿನ ಹಿಂಬದಿ ಸಸ್ಪೆನ್ಷನ್ (ಗಾಲಿಗಳಿಗೂ ಕಾರಿನ ಮೈಗೂ ನಡುವೆ ಇದ್ದು ಕುಲುಕಾಟವನ್ನು ತಗ್ಗಿಸುವ ವ್ಯವಸ್ಥೆ) ಅನ್ನು 1969ರ ಷೆವರ್ಲೆ ಕ್ಯಾಮರೊ ಕಾರಿಗೆ ಕೂರಿಸುವ ಬಗೆಯನ್ನು ವಿವರಿಸುವ ಲೇಖನವೊಂದನ್ನು ಕನ್ನಡಿಸುತ್ತಿದ್ದೇನೆ. ಪುಟ ನಾಳೆ ಅಚ್ಚಿಗೆ ಹೋಗಬೇಕು. ಯಂತ್ರಾನುವಾದವು ‘ಅಮಾನತು’ ಎಂದು ಕೊಟ್ಟಿದೆ. ಕಾರಿನ ಮೇಲೆ ಇಲಾಖಾ ವಿಚಾರಣೆ ನಡೆಯುತ್ತಿರುವಂತೆ ಓದಿಸಿಕೊಳ್ಳುತ್ತದೆ. ಸದ್ಯಕ್ಕೆ ನಾನು “ಹಳೆಯ ಪಟ್ಟಿ ಕಮಾನನ್ನು ಕಿತ್ತು ಆಧುನಿಕ ಕಮಾನನ್ನು ಅಳವಡಿಸಲಾಯಿತು” ಎಂದು ಬರೆದಿದ್ದೇನೆ. ಇದು ನಿಲ್ಲುತ್ತದೆಯೇ? ‘ಮಸಲ್ ಕಾರ್’ ಎಂಬುದಕ್ಕೂ ಒಂದು ಪದ ಬೇಕಾಗಿದೆ.

*

ನಿಲ್ಲುವುದಿಲ್ಲ. ನಿಮ್ಮ ವಾಕ್ಯವನ್ನು ಓದಿದವರು ಹಳೆಯದು ಪಟ್ಟಿ ಸ್ಪ್ರಿಂಗು, ಹೊಸದು ಸುರುಳಿ ಸ್ಪ್ರಿಂಗು ಎಂದು ತಿಳಿಯುತ್ತಾರೆ. ಆದರೆ ಆ ಕಾರ್ವೆಟ್‌ನ ಹಿಂಬದಿಯಲ್ಲಿ ಇರುವುದೂ ಪಟ್ಟಿಯೇ; ಉಕ್ಕಿನದಲ್ಲ, ಗಾಜಿನ ನಾರು ಮತ್ತು ರಾಳ ಸೇರಿಸಿ ಮಾಡಿದ್ದು, ಕಾರಿಗೆ ಅಡ್ಡಲಾಗಿ ಒಂದು ಗಾಲಿಯ ಕಡೆಯಿಂದ ಇನ್ನೊಂದರ ಕಡೆಗೆ ಚಾಚಿಕೊಂಡಿರುವಂಥದ್ದು. ಎರಡಕ್ಕೂ ಇರುವ ಅಂತರ ಪಟ್ಟಿಯ ಆಕಾರದಲ್ಲಿಲ್ಲ, ಅದು ಮಾಡುವ ಕೆಲಸದಲ್ಲಿದೆ.

ಕ್ಯಾಮರೊದಲ್ಲಿ ಉದ್ದುದ್ದ ಕೂತ ಎರಡು ಪಟ್ಟಿಗಳು ಕಾರಿನ ಭಾರವನ್ನು ಹೊರುತ್ತವೆ. ಹಿಂದಿನ ಇಡೀ ಆ್ಯಕ್ಸಲ್ (ಎರಡು ಗಾಲಿಗಳನ್ನು ಜೋಡಿಸುವ ಅಚ್ಚು) ಅನ್ನು ಅದರ ಜಾಗದಲ್ಲಿ ಹಿಡಿದಿಡುವ ಕೆಲಸವೂ ಅವುಗಳದ್ದೇ. ಆಕ್ಸಿಲರೇಟರನ್ನು ಜೋರಾಗಿ ತುಳಿದಾಗ ಆ್ಯಕ್ಸಲ್ ತಿರುಚಿಕೊಳ್ಳಲು ನೋಡುತ್ತದೆ, ಪಟ್ಟಿ ಡೊಂಕು ಡೊಂಕಾಗಿ ಬಾಗುತ್ತದೆ, ಅದು ಸಡಿಲಗೊಂಡು ಮತ್ತೆ ನೆಟ್ಟಗಾಗುವಾಗ ಗಾಲಿ ನೆಲದ ಮೇಲೆ ಕುಪ್ಪಳಿಸುತ್ತದೆ. ಕಾರ್ವೆಟ್‌ನಲ್ಲಿ ಪಟ್ಟಿ ಭಾರ ಹೊರುತ್ತದೆ ಅಷ್ಟೆ. ಗಾಲಿಯನ್ನು ಹಿಡಿದಿಡುವುದು ಬೇರೆ ಬೇರೆ ಸರಳುಗಳು. ಎಂಜಿನ್ನಿನ ಬಲವನ್ನು ಎರಡು ಗಾಲಿಗಳಿಗೆ ಹಂಚುವ ಡಿಫರೆನ್ಷಿಯಲ್ ಕೂಡ ಗಾಲಿಗಳೊಂದಿಗೆ ಕುಣಿಯದೆ ಕಾರಿನ ಮೈಗೇ ಬಿಗಿದುಕೊಂಡಿರುವುದರಿಂದ, ಅದರ ತೂಕವನ್ನು ಗಾಲಿಗಳು ಪ್ರತಿ ಉಬ್ಬುತಗ್ಗಿನಲ್ಲೂ ಎತ್ತಿ ಇಳಿಸಬೇಕಾಗಿಲ್ಲ. ಆದ್ದರಿಂದ ಸ್ಪ್ರಿಂಗಿಗೆ ‘ಕಮಾನು’ ಎನ್ನಿ; ಸ್ಪ್ರಿಂಗು, ಶಾಕ್ ಅಬ್ಸಾರ್ಬರು, ಸರಳುಗಳೆಲ್ಲ ಕೂಡಿದ ಇಡೀ ವ್ಯವಸ್ಥೆಗೆ ‘ಸಸ್ಪೆನ್ಷನ್’ ಎಂದೇ ಉಳಿಸಿಕೊಳ್ಳಿ.

*

‘ಕಮಾನು’ ಕನ್ನಡದ್ದಲ್ಲ, ಬಿಲ್ಲು ಎಂಬ ಅರ್ಥದ ಪಾರ್ಸಿ ಪದ. ಒಂದು ಎರವಲನ್ನು ಇನ್ನೊಂದು ಎರವಲಿನಿಂದ ತಿದ್ದುವುದು ನನಗೆ ಒಪ್ಪಿಗೆಯಿಲ್ಲ. ‘ಸಸ್ಪೆನ್ಷನ್’ ಎಂಬುದರ ಬೇರು ಲ್ಯಾಟಿನ್‌ನಲ್ಲಿ ತೂಗುಹಾಕುವುದು ಎಂಬ ಅರ್ಥವನ್ನು ಕೊಡುತ್ತದೆ, ಹಿಂದಿನ ಕಾಲದ ಕುದುರೆ ಸಾರೋಟುಗಳ ಮೈಯನ್ನು ನಿಜವಾಗಿಯೂ ತೊಗಲಿನ ಪಟ್ಟಿಗಳಿಂದ ತೂಗುಹಾಕುತ್ತಿದ್ದರು. ಹಾಗಿರುವಾಗ ‘ತೂಗುಕಟ್ಟು’ ಎಂಬ ಅಚ್ಚಗನ್ನಡದ ಪದ ಕಣ್ಣೆದುರಿಗೇ ಇದೆ. ಒಂದೊಂದು ಗಾಲಿಯೂ ತನ್ನಷ್ಟಕ್ಕೆ ಏರಿಳಿಯುವಂಥದ್ದು ‘ಬಿಡಿಗಾಲಿ ತೂಗುಕಟ್ಟು’. ‘ಮಸಲ್ ಕಾರ್’ ಎಂಬುದು ‘ಜಟ್ಟಿಬಂಡಿ’.

*

ಬೇರು ಹಿಡಿದು ಹೊರಟವರು ಬಂಡಿಯ ಅಡಿಗೆ ಒಮ್ಮೆ ಬಗ್ಗಿ ನೋಡಿದ್ದರೆ ಚೆನ್ನಾಗಿತ್ತು. ಸಾರೋಟಿನ ಮೈ ತೂಗುತ್ತಿತ್ತು, ನಿಜ. ಇಂದಿನ ಕಾರಿನ ಮೈ ಸ್ಪ್ರಿಂಗುಗಳ ಮೇಲೆ ಕೂತಿರುತ್ತದೆ. ಲ್ಯಾಟಿನ್ ಪದವೇ ವಸ್ತುವಿನಿಂದ ಕಳಚಿಕೊಂಡು ಬರಿಯ ಹೆಸರಾಗಿ ಉಳಿದಿರುವಾಗ, ಅದರ ಸತ್ತ ಅರ್ಥವನ್ನು ಕನ್ನಡಕ್ಕೆ ಅನುವಾದಿಸುವುದು ಯಾರ ಉಪಕಾರಕ್ಕೆ? ಇನ್ನು ಪಾರ್ಸಿಯ ಮಾತು. ಬಿಲ್ಲಿನಂತೆ ಬಾಗಿ ಮತ್ತೆ ನೆಟ್ಟಗಾಗುವ ಉಕ್ಕಿಗೆ ಕನ್ನಡಿಗರು ಎಂದೋ ಒಪ್ಪಿಕೊಂಡ ಪದ ‘ಕಮಾನು’. ಅದನ್ನು ಈಗ ಹೊರಗೆ ಕಳಿಸುವವರು ‘ಕಾರು’ ಎಂಬುದನ್ನು ಎಲ್ಲಿಗೆ ಕಳಿಸುತ್ತಾರೆ?

‘ಜಟ್ಟಿಬಂಡಿ’ ಕಿವಿಗೆ ಹಿತವಾಗಿದೆ, ಅದಕ್ಕಿಂತ ಹೆಚ್ಚೇನೂ ಇಲ್ಲ. ಮಸಲ್ ಕಾರ್ ಎಂದರೆ ಬಲಿಷ್ಠವಾದ ಯಾವುದೋ ಕಾರಲ್ಲ. ಮಧ್ಯಮ ಗಾತ್ರದ ಮೈಯೊಳಗೆ 389 ಘನ ಅಂಗುಲದ ದೊಡ್ಡ ವಿ8 (ಎಂಟು ಸಿಲಿಂಡರಿನ) ಎಂಜಿನ್ ಇಟ್ಟು 1964ರಲ್ಲಿ ಬಂದ ಪಾಂಟಿಯಾಕ್ ಜಿಟಿಒ ಮಾದರಿಯ, ಒಂದು ದೇಶದ, ಒಂದು ಕಾಲದ ಕಾರುಗಳ ವರ್ಗದ ಹೆಸರು ಅದು. ಅಂಕಿತನಾಮದ ಹತ್ತಿರಕ್ಕೆ ಬಂದ ಪದವನ್ನು ಭಾಷಾಂತರಿಸುವುದಿಲ್ಲ.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು: ‘ಅಳವಡಿಸಲಾಯಿತು’ ಎಂಬುದನ್ನೂ ಮರುಪರಿಶೀಲಿಸಿ. ಆ ಕಾಲದ ಕ್ಯಾಮರೊದ ಮುಂಭಾಗದ ಚೌಕಟ್ಟನ್ನು ಬೋಲ್ಟುಗಳಿಂದ ಬಿಗಿದಿರುತ್ತಾರೆ. ಬಿಚ್ಚಿ, ಬೇರೆ ಚೌಕಟ್ಟು ಕೂರಿಸುವುದನ್ನು ಅಳವಡಿಕೆ ಎನ್ನಬಹುದು. ಹಿಂಭಾಗದಲ್ಲಿ ಹಾಗೆ ಬಿಚ್ಚಿಕೊಳ್ಳುವ ಚೌಕಟ್ಟಿಲ್ಲ. ಕಾರ್ವೆಟ್‌ನ ಸರಳುಗಳಿಗೆ ಆಸರೆಯಾಗಲು ತಳದ ತಗಡನ್ನು ಕೊಯ್ದು, ಹೊಸ ಉಕ್ಕಿನ ತೊಲೆಗಳನ್ನು ಬೆಸೆಯಬೇಕಾಗುತ್ತದೆ. ಅಲ್ಲಿಗೆ ‘ಕಸಿ’ ಎಂಬ ಪದವೇ ತಕ್ಕದ್ದು.

*

ಇಬ್ಬರಿಗೂ ವಂದನೆಗಳು. ಪುಟಕ್ಕೆ ಹೋಗುವ ವಾಕ್ಯ ಹೀಗಿದೆ: “ಭಾರವನ್ನು ಹೊರುವ ಮತ್ತು ಆ್ಯಕ್ಸಲ್ ಅನ್ನು ಹಿಡಿದಿಡುವ ಎರಡೂ ಕೆಲಸ ಮಾಡುತ್ತಿದ್ದ ಉಕ್ಕಿನ ಪಟ್ಟಿ ಕಮಾನುಗಳನ್ನು ತೆಗೆದು, ಪ್ರತಿ ಗಾಲಿಯನ್ನೂ ಪ್ರತ್ಯೇಕ ಸರಳುಗಳು ಹಿಡಿದಿಡುವ ಕಾರ್ವೆಟ್ ಸಸ್ಪೆನ್ಷನ್ ಅನ್ನು ಈ ಮಸಲ್ ಕಾರಿನ ಹಿಂಬದಿಗೆ ಕಸಿ ಮಾಡಲಾಯಿತು.” ‘ಬಿಡಿಗಾಲಿ’ ಎಂಬುದು ನನಗೆ ಹಿಡಿಸಿತು, ಅದನ್ನು ಉಪಶೀರ್ಷಿಕೆಯಲ್ಲಿ ಬಳಸುತ್ತೇನೆ.

*

ಬಳಸಿ. ಆದರೆ ‘ಬಿಡಿಗಾಲಿ ಸಸ್ಪೆನ್ಷನ್’ ಎಂದು ಎರಡನ್ನು ಬೆರೆಸುವುದಾದರೆ ನನ್ನ ಪದವನ್ನು ನನಗೆ ಹಿಂದಿರುಗಿಸಿ.