ಗೋಧಿ ಬಿಟ್ಟರೂ ರಕ್ತದಲ್ಲಿ ವಿಟಮಿನ್ ಕೊರತೆ ಏಕೆ?

ಪ್ರಶ್ನೆ (ತೀರ್ಥಹಳ್ಳಿಯಿಂದ)
ನಮಸ್ಕಾರ. ಮಗಳಿಗೆ ಸೀಲಿಯಾಕ್ ಕಾಯಿಲೆ (ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನಿಂದ ಸಣ್ಣಕರುಳಿಗೆ ಹಾನಿಯಾಗುವ ಕಾಯಿಲೆ) ಇದೆಯೆಂದು ಕಳೆದ ವರ್ಷ ಖಚಿತವಾದ ದಿನದಿಂದ ಗೋಧಿ, ಮೈದಾ, ರವೆ, ಬಾರ್ಲಿ ಯಾವುದನ್ನೂ ಕೊಡುತ್ತಿಲ್ಲ. ನಮ್ಮದು ಸಸ್ಯಾಹಾರ, ಬೆಳಿಗ್ಗೆ ಅಕ್ಕಿ ರೊಟ್ಟಿ ಅಥವಾ ನೀರುದೋಸೆ, ಎರಡು ಹೊತ್ತು ಅನ್ನ, ತಿಳಿಸಾರು. ಭೇದಿ ನಿಂತಿದೆ, ಆದರೆ ಸುಸ್ತು ಹೋಗಿಲ್ಲ. ಪರೀಕ್ಷೆಯಲ್ಲಿ ಫೆರಿಟಿನ್ (ದೇಹದಲ್ಲಿ ಸಂಗ್ರಹವಿರುವ ಕಬ್ಬಿಣವನ್ನು ತೋರಿಸುವ ಅಂಶ), ಫೋಲೇಟ್ (ಬಿ ಗುಂಪಿನ ಒಂದು ವಿಟಮಿನ್) ಮತ್ತು ವಿಟಮಿನ್ ಡಿ ಕಡಿಮೆ ಬಂದಿವೆ. ಪಥ್ಯ ಮಾಡಿಯೂ ಹೀಗೇಕೆ?

ಉತ್ತರ (ಶಿವಮೊಗ್ಗದಿಂದ)
ಇದಕ್ಕೆ ಎರಡು ಕಾರಣಗಳಿರಬಹುದು. ಕಬ್ಬಿಣ ಮತ್ತು ಫೋಲೇಟ್ ಮುಖ್ಯವಾಗಿ ಸಣ್ಣಕರುಳಿನ ಮೇಲ್ಭಾಗದಲ್ಲಿ ಹೀರಲ್ಪಡುತ್ತವೆ. ಈ ಕಾಯಿಲೆ ಹೆಚ್ಚು ಹಾನಿ ಮಾಡುವುದೂ ಅಲ್ಲಿಯೇ, ಮತ್ತು ಆ ಒಳಪದರ ಚೇತರಿಸಿಕೊಳ್ಳಲು ತಿಂಗಳುಗಳು, ಕೆಲವರಿಗೆ ವರ್ಷಗಳೇ ಬೇಕಾಗುತ್ತವೆ. ಇನ್ನೊಂದು ಕಾರಣ ತಟ್ಟೆಯಲ್ಲೇ ಇದೆ. ಚಪಾತಿಯಿಂದ ಬರುತ್ತಿದ್ದ ನಾರು, ಕಬ್ಬಿಣ ಮತ್ತು ಬಿ ಗುಂಪಿನ ವಿಟಮಿನ್‌ಗಳ ಜಾಗಕ್ಕೆ ಪಾಲಿಶ್ ಮಾಡಿದ ಬಿಳಿ ಅಕ್ಕಿಯೊಂದೇ ಬಂದರೆ ಆ ನಷ್ಟ ತುಂಬುವುದಿಲ್ಲ, ಏಕೆಂದರೆ ಅವುಗಳಲ್ಲಿ ಬಹುಪಾಲು ತೌಡಿನೊಂದಿಗೇ ಹೋಗಿರುತ್ತದೆ. ಕುಚ್ಚಲಕ್ಕಿಯಲ್ಲಿ, ಭತ್ತವನ್ನು ಬೇಯಿಸುವಾಗ ಥಯಾಮಿನ್ (ವಿಟಮಿನ್ ಬಿ1) ಕಾಳಿನೊಳಗೆ ಇಳಿಯುವುದರಿಂದ, ಹೆಚ್ಚು ಉಳಿಯುತ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಸುಮಾರು 10. ಫೋಲೇಟ್‌ಗಾಗಿ ಹೆಸರುಕಾಳು, ಅಲಸಂದೆ, ಕಡಲೆಕಾಳು, ಹರಿವೆ ಅಥವಾ ಬಸಳೆ ಸೊಪ್ಪು ಪ್ರತಿದಿನ ಇರಲಿ. ತಿಳಿಸಾರು ಇದಕ್ಕೆ ಸಾಲದು. ಕಾಳಿನ ಪಲ್ಯಕ್ಕೆ ನಿಂಬೆರಸ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಜೊತೆಗೆ ಚಹಾ, ಕಾಫಿ ಬೇಡ.

ಉತ್ತರ (ಸಾಗರದಿಂದ)
ಸಾರಿನ ಇಂಗನ್ನೂ ದಯವಿಟ್ಟು ನೋಡಿ. ಅಂಗಡಿಯ ಇಂಗಿನ ಪುಡಿಗೆ ಗೋಧಿ ಹಿಟ್ಟು ಬೆರೆಸಿರುವುದು ಸಾಮಾನ್ಯ. ಗೋಧಿ ಬೀಸುವ ಗಿರಣಿಯಲ್ಲೇ ಅಕ್ಕಿ, ರಾಗಿ ಬೀಸಿಸಿದರೂ ಗ್ಲುಟೆನ್ ಸೇರುತ್ತದೆ. ಟಿಟಿಜಿ ಪ್ರತಿಕಾಯದ (ಈ ಕಾಯಿಲೆಯಲ್ಲಿ ರಕ್ತದಲ್ಲಿ ಹೆಚ್ಚಾಗುವ ಪ್ರತಿಕಾಯ) ಪರೀಕ್ಷೆ ಮಾಡಿಸಿ. ಅದು ಇಳಿಯದೆ ಹೆಚ್ಚಾಗಿಯೇ ಇದ್ದರೆ ಎಲ್ಲಿಂದಲೋ ಗ್ಲುಟೆನ್ ಒಳಗೆ ಹೋಗುತ್ತಿದೆ ಎಂದು ಅನುಮಾನಿಸಬೇಕು.

ಉತ್ತರ (ಹೊಸನಗರದಿಂದ)
ಮೇಲಿನ ಎರಡೂ ಮಾತು ಸರಿ. ಆದರೆ ಆಗಲೇ ಕೊರತೆ ಕಂಡಿರುವಾಗ ಊಟವೊಂದನ್ನೇ ನಂಬಿ ಕೂರಬಾರದು. ಮಾತ್ರೆ ಬೇಕಾಗಬಹುದು, ಪ್ರಮಾಣವನ್ನು ವೈದ್ಯರೇ ಹೇಳಲಿ. ನಮ್ಮ ಮಳೆಗಾಲದಲ್ಲಿ ಬಿಸಿಲು ಅಪರೂಪವಾದ್ದರಿಂದ ವಿಟಮಿನ್ ಡಿ ವಿಷಯದಲ್ಲಿ ಇದು ಇನ್ನಷ್ಟು ನಿಜ. ನೀವು ಬಿ12 ಹೆಸರು ಹೇಳಿಲ್ಲ. ಸಸ್ಯಾಹಾರಿಗಳಿಗೆ ಅದು ಹಾಲು, ಮೊಸರುಗಳಿಂದಲೇ ಬರಬೇಕು. ಬಿ12 ಕಡಿಮೆಯಿದ್ದು ಫೋಲಿಕ್ ಆಸಿಡ್ ಮಾತ್ರ ನುಂಗಿದರೆ ರಕ್ತಹೀನತೆ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಮುಂದುವರಿಯಬಹುದು. ಆದ್ದರಿಂದ ಮಾತ್ರೆ ಆರಂಭಿಸುವ ಮೊದಲೇ ಬಿ12 ಪರೀಕ್ಷೆಯನ್ನೂ ಮಾಡಿಸಿರಿ.