ಹಸ್ತಪ್ರತಿಯ ಎರಡನೆಯ ಪುಟದಲ್ಲೇ ಓದುಗರು ನಿಂತುಬಿಡುವುದೇಕೆ?

ಪ್ರಶ್ನೆ: ಕಾಫಿ ಬೆಳೆಗಾರ, ಭಾಗಮಂಡಲದ ಸಮೀಪದಿಂದ

ಮಾನ್ಯರೇ, ನಮ್ಮ ಅಜ್ಜ ತೋಟ ಕಟ್ಟಿದ ಬಗೆಯನ್ನು ಕುರಿತು 40 ಪುಟಗಳ ನೆನಪಿನ ಬರಹವೊಂದನ್ನು ಕಳೆದ ಮಳೆಗಾಲದಲ್ಲಿ ಬರೆದು ಮುಗಿಸಿ, ಪರಿಚಿತ ವಿಮರ್ಶಕರೊಬ್ಬರಿಗೆ ಕಳುಹಿಸಿದ್ದೆ. ಕಾಗುಣಿತವನ್ನು ಇಬ್ಬರಿಂದ ತಿದ್ದಿಸಿದ್ದರೂ, "ಯಾರು ಯಾರಿಗೆ ಏನು ಮಾಡಿದರೆಂದು ತಿಳಿಯದೆ ಎರಡನೆಯ ಪುಟದಲ್ಲೇ ಓದು ನಿಂತಿತು" ಎಂದಷ್ಟೇ ಬರೆದು ಅವರು ಪ್ರತಿಯನ್ನು ಹಿಂದಿರುಗಿಸಿದ್ದಾರೆ. ಮನೆಯಲ್ಲಿ ಅರೆಭಾಷೆ ಆಡುವ ನಾನು ಬರವಣಿಗೆಯ ಕನ್ನಡವನ್ನು ಕಲಿತದ್ದು ಶಾಲೆಯಲ್ಲಿ. ತಪ್ಪು ಎಲ್ಲಿದೆಯೆಂದು ನನಗೆ ಕಾಣುತ್ತಿಲ್ಲ. ಆ ಪುಟದ ಎರಡು ವಾಕ್ಯಗಳು ಹೀಗಿವೆ:

"ಅಜ್ಜ ಅಪ್ಪನನ್ನು ಕರೆದು ತೋಟವನ್ನು ಅವರ ಹೆಸರಿಗೆ ಬರೆದಾಗ ಅವರಿಗೆ ಸಂತೋಷವಾಗಲಿಲ್ಲ."

"ಮಳೆ ನಿಂತು, ನಾಯಿ ಬೊಗಳಿ, ಅಜ್ಜಿ ದೀಪ ಹಚ್ಚಿ, ಬಾಗಿಲು ತೆರೆದು ಒಳಗೆ ಬಂದರು."

ಉತ್ತರ 1: ನಿವೃತ್ತ ಕನ್ನಡ ಅಧ್ಯಾಪಕಿ, ವಿರಾಜಪೇಟೆ

ನಿಮ್ಮ ಮನೆಮಾತು ಅರೆಭಾಷೆ ಎಂಬುದು ಇದಕ್ಕೆ ಕಾರಣವಲ್ಲ. ಕನ್ನಡವನ್ನೇ ಆಡುವವರ ಹಸ್ತಪ್ರತಿಗಳಲ್ಲೂ ಇವೇ ಎರಡು ದೋಷಗಳನ್ನು ನಾನು ಮತ್ತೆ ಮತ್ತೆ ತಿದ್ದಿದ್ದೇನೆ. ಮೊದಲ ವಾಕ್ಯದಲ್ಲಿ ಹಿರಿಯರು ಇಬ್ಬರಿದ್ದಾರೆ, ಇಬ್ಬರೂ ಗೌರವದ "ಅವರು" ಆಗಿದ್ದಾರೆ. ಸಂತೋಷವಾಗದಿದ್ದುದು ಕೊಟ್ಟವರಿಗೋ, ಪಡೆದವರಿಗೋ? ಬರೆದವರಿಗೆ ಉತ್ತರ ಗೊತ್ತಿರುವುದರಿಂದ ಅಲ್ಲೊಂದು ಪ್ರಶ್ನೆಯಿದೆ ಎಂಬುದೇ ಅವರಿಗೆ ತೋಚುವುದಿಲ್ಲ. "ಅಜ್ಜ", "ಅಪ್ಪ" ಎಂಬ ಪದಗಳನ್ನು ಎರಡನೆಯ ಸಲ ಬಳಸಲು ಹಿಂಜರಿಯಬೇಡಿ. ಒಂದೇ ಪದ ಮರುಕಳಿಸಬಾರದೆಂದು ಶಾಲೆಗಳಲ್ಲಿ ಹೇಳಿಕೊಟ್ಟ ನಿಯಮದಿಂದ ಆಗಿರುವ ಹಾನಿಯನ್ನು ನೋಡಿ ನನಗೆ ನಿಜವಾಗಿಯೂ ನೋವಾಗುತ್ತದೆ, ಏಕೆಂದರೆ ಅದನ್ನು ಹೇಳಿಕೊಟ್ಟವರಲ್ಲಿ ನಾನೂ ಒಬ್ಬಳು.

ಎರಡನೆಯ ವಾಕ್ಯದ ದೋಷ ಇನ್ನೂ ಆಳವಾದದ್ದು. ವ್ಯಾಕರಣದಲ್ಲಿ ಭೂತನ್ಯೂನ ಎಂದು ಕರೆಯುವ "ಹಚ್ಚಿ", "ತೆರೆದು" ಮುಂತಾದ ರೂಪಗಳು ಸಾಮಾನ್ಯವಾಗಿ ವಾಕ್ಯದ ಕೊನೆಯ ಕ್ರಿಯಾಪದದ ಕರ್ತೃವನ್ನೇ ಅವಲಂಬಿಸುತ್ತವೆ. "ಮಳೆ ಬಂದು ಇಳೆ ತಂಪಾಯಿತು" ಎಂಬಲ್ಲಿ ಕರ್ತೃ ಬದಲಾದರೂ ಒಂದರ ಫಲವಾಗಿ ಇನ್ನೊಂದು ನಡೆದಿರುವುದರಿಂದ ಅರ್ಥ ಕೆಡುವುದಿಲ್ಲ. ನಿಮ್ಮ ವಾಕ್ಯದಲ್ಲಿಯಾದರೋ ಮಳೆ, ನಾಯಿ, ಅಜ್ಜಿ ಎಂಬ ಮೂರು ಕರ್ತೃಗಳು ಸಾಲಾಗಿ ನಿಂತಿವೆ, ಕೊನೆಗೆ ಒಳಗೆ ಬಂದವರ ಹೆಸರೇ ಇಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಓದುಗರು ಎಲ್ಲವನ್ನೂ ಮನಸ್ಸಿನಲ್ಲಿ ಹಿಡಿದುಕೊಂಡು ಅಲ್ಲಿಯವರೆಗೆ ಬರುತ್ತಾರೆ. ಬಂದ ಮೇಲೆ ಕೈಗೆ ಏನೂ ಸಿಗದಿದ್ದರೆ ಮತ್ತೆ ಮೊದಲಿನಿಂದ ಓದಬೇಕಾಗುತ್ತದೆ. ಕರ್ತೃ ಬದಲಾಗುವಲ್ಲಿ "ನಿಂತ ಮೇಲೆ", "ಬೊಗಳಿದಾಗ", "ಹಚ್ಚುತ್ತಿದ್ದಂತೆ" ಎಂದು ಬರೆಯಿರಿ.

ಉತ್ತರ 2: ಕಥಾಸ್ಪರ್ಧೆಗಳಿಗೆ ಹಸ್ತಪ್ರತಿ ಓದುವವನು, ಪೊನ್ನಂಪೇಟೆ

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ನಾನು ಓದು ನಿಲ್ಲಿಸುವುದಕ್ಕೆ ಇನ್ನೊಂದು ಕಾರಣವೂ ಉಂಟು. ಒಂದು ಕಥೆಯಲ್ಲಿ ಕೊಡಗಿನ ಸುಗ್ಗಿಹಬ್ಬವಾದ ಪುತ್ತರಿಯ ವಾರ ಇಡೀ ಕಾಫಿ ತೋಟ ಬಿಳಿಯ ಹೂವಿನಿಂದ ತುಂಬಿತ್ತು. ಪುತ್ತರಿ ಬರುವುದು ನವೆಂಬರ್ ಕೊನೆಯಲ್ಲಿ ಅಥವಾ ಡಿಸೆಂಬರಿನಲ್ಲಿ. ಆಗ ಗಿಡದಲ್ಲಿ ಇರುವುದು ಹಣ್ಣು. ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಕಾಫಿ ಹೂವನ್ನು ಅರಳಿಸುವ ಹೂಮಳೆ ಬಿದ್ದು ಒಂದು ವಾರ ಕಳೆದ ಮೇಲೆ ತೋಟ ಬೆಳ್ಳಗಾಗುತ್ತದೆ. ಅಕಾಲದ ಮಳೆಗೆ ಅಲ್ಲೊಂದು ಇಲ್ಲೊಂದು ಗಿಡ ಹೂಬಿಡುವುದುಂಟು, ಆದರೆ ಲೇಖಕರು ಹೇಳಿದ್ದು ಅದನ್ನಲ್ಲ. ಆ ಸಾಲಿನ ನಂತರ ಅವರ ಪಾತ್ರಗಳ ದುಃಖವನ್ನೂ ನನಗೆ ನಂಬಲಾಗಲಿಲ್ಲ. ನೀವು ಬೆಳೆಗಾರರಾದ್ದರಿಂದ ಈ ತಪ್ಪು ನಿಮ್ಮಿಂದ ಆಗಲಾರದು.

ನಮ್ಮ ಕಡೆಯ ಪದಗಳಿಗೆಲ್ಲ ಆವರಣ ಚಿಹ್ನೆಯೊಳಗೆ ಅರ್ಥ ಕೊಡುವ ಅಭ್ಯಾಸವೂ ಓದನ್ನು ಕುಂಟಿಸುತ್ತದೆ. "ನೆಲ್ಲಕ್ಕಿ ನಡುಬಾಡೆಯ ತೂಗುದೀಪದ ಕೆಳಗೆ ಮನೆಯ ಹಿರಿಯರೆಲ್ಲ ಸೇರಿದರು" ಎಂದರೆ ಅದು ಮನೆಯೊಳಗಿನ ಯಾವ ಜಾಗವೆಂದು ಕೊಡಗಿನ ಹೊರಗಿನವರಿಗೂ ತಿಳಿಯುತ್ತದೆ.

ಉತ್ತರ 3: ಕರಡು ತಿದ್ದುವವಳು, ಮಡಿಕೇರಿ

ಕಾಗುಣಿತವನ್ನು ಇನ್ನೊಮ್ಮೆ ನೋಡಿರಿ. "ಕೋಟ್ಯಾಂತರ", "ಜಾತ್ಯಾತೀತ", "ಶುಭಾಷಯ" ಎಂಬ ರೂಪಗಳನ್ನು ತಿದ್ದುವವರೂ ಗಮನಿಸದೆ ಬಿಡುತ್ತಾರೆ; ಸರಿಯಾದವು ಕೋಟ್ಯಂತರ, ಜಾತ್ಯತೀತ, ಶುಭಾಶಯ. ಹಳೆಯ ನುಡಿ ಅಕ್ಷರಶೈಲಿಯಲ್ಲಿ ಟೈಪು ಮಾಡಿ ಯುನಿಕೋಡಿಗೆ ಪರಿವರ್ತಿಸಿದ್ದರೆ ಒತ್ತಕ್ಷರಗಳು ಕೆಲವೆಡೆ ಚದುರಿರಬಹುದು. ಪರಿವರ್ತನೆಯಾದ ಪ್ರತಿಯನ್ನೇ ಮೊದಲಿನಿಂದ ಓದಿ ನೋಡಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಮೊದಲ ವಾಕ್ಯವನ್ನು ತಿದ್ದಲು ಕುಳಿತಾಗ, ಸಂತೋಷವಾಗದಿದ್ದುದು ಅಪ್ಪನಿಗೆ ಎಂಬುದನ್ನಷ್ಟೇ ಅಲ್ಲದೆ ಅದರ ಕಾರಣವನ್ನೂ ನಾನು ಬರೆದಿರಲಿಲ್ಲವೆಂದು ಅರಿವಾಯಿತು. ಈಗ ಹೀಗೆ ಬರೆದಿದ್ದೇನೆ: "ಅಜ್ಜ ತೋಟವನ್ನು ಅಪ್ಪನ ಹೆಸರಿಗೆ ಬರೆದರು. ಅಪ್ಪನಿಗೆ ಸಂತೋಷವಾಗಲಿಲ್ಲ. ಅಜ್ಜ ದಿನವೂ ಕತ್ತಿ ಹಿಡಿದು ಓಡಾಡುತ್ತಿದ್ದ ತೋಟವನ್ನು, ಅಜ್ಜ ಇರುವಾಗಲೇ ತಮ್ಮದೆನ್ನಲು ಅಪ್ಪನಿಗೆ ಬಾಯಿ ಬರಲಿಲ್ಲ."